ಪೈಥಾನ್ ಒಳಗಿಂದ ಸಿ ಕರೆದಾಗ ಕ್ರ್ಯಾಶ್ ಆದರೆ ಎಲ್ಲಿಂದ ಹುಡುಕಬೇಕು

ಬರೀ ಪೈಥಾನ್‌ನಲ್ಲಿ ತಪ್ಪಾದರೆ ಟ್ರೇಸ್‌ಬ್ಯಾಕ್ ಬರುತ್ತದೆ. ಯಾವ ಫೈಲ್, ಎಷ್ಟನೇ ಲೈನ್ ಅಂತ ಅದೇ ಹೇಳಿಬಿಡುತ್ತದೆ. ಪೈಥಾನ್‌ನಿಂದ ಸಿ ಫಂಕ್ಷನ್ ಕರೆದಾಗ ಎಡವಟ್ಟಾದರೆ ಮಾತ್ರ ‘ಸೆಗ್ಮೆಂಟೇಶನ್ ಫಾಲ್ಟ್’ (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು) ಅನ್ನೋ ಒಂದು ಲೈನ್ ಬಿಟ್ಟು ಬೇರೇನೂ ಸಿಗುವುದಿಲ್ಲ. ಆಗ ಸುಮ್ನೆ ಕಂಡಕಂಡಲ್ಲಿ ಪ್ರಿಂಟ್ ಹಾಕುತ್ತಾ ಕೂರಬೇಡಿ. ಇಂಥ ತಪ್ಪು ಹೆಚ್ಚಾಗಿ ಎರಡು ಭಾಷೆ ಸೇರುವ ಜಾಗದಲ್ಲೇ ಇರುತ್ತದೆ: ಪೈಥಾನ್ ಕೊಟ್ಟ ಅಳತೆ ಒಂದು, ಸಿ ಅಂದುಕೊಂಡ ಅಳತೆ ಇನ್ನೊಂದು.

ಉದಾಹರಣೆಗೆ ಮಳೆ ಲೆಕ್ಕವನ್ನೇ ತಗೊಳ್ಳೋಣ. ಚಿಕ್ಕಮಗಳೂರು, ಸಕಲೇಶಪುರ ಕಡೆ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುತ್ತಾರೆ, ಹವಾಮಾನ ಇಲಾಖೆ ಮಿಲಿಮೀಟರ್‌ನಲ್ಲಿ ಕೊಡುತ್ತದೆ. ಇಂಚನ್ನು 25.4ರಿಂದ ಗುಣಿಸಿ ಕೊಡುವ ಒಂದು ಸಿ ಫಂಕ್ಷನ್ ನಿಮ್ಮ ಹತ್ತಿರ ಇದೆ, ಅದನ್ನು ಪೈಥಾನ್‌ನಿಂದ ಕರೆಯಬೇಕು. ಇಷ್ಟಕ್ಕೆಲ್ಲ ಸಿ ಯಾಕೆ ಅಂತ ಕೇಳಬೇಡಿ, ಹಳೇ ಕೋಡ್ ಇರುತ್ತದೆ, ಯಾರಿಗೂ ಮುಟ್ಟುವ ಧೈರ್ಯ ಇರುವುದಿಲ್ಲ.

ಇದಕ್ಕೆ ಪೈಥಾನ್‌ನಿಂದ ಸಿ ಲೈಬ್ರರಿ ಕರೆಯಲು ಇರುವ ‘ಸಿಟೈಪ್ಸ್’ ಮಾಡ್ಯೂಲ್ ಸಾಕು. 2006ರಲ್ಲಿ ಬಂದ ಪೈಥಾನ್ 2.5ರಿಂದಲೂ ಅದು ಪೈಥಾನ್ ಜೊತೆಗೇ ಬರುತ್ತದೆ, ಹಾಗಾಗಿ ಮೂಡಿಗೆರೆ ಆಚೆ ನೆಟ್‌ವರ್ಕ್ ಸಿಗದ ತೋಟದ ಮನೆಯಲ್ಲಿ ಕೂತಿದ್ದರೂ ಏನೂ ಡೌನ್‌ಲೋಡ್ ಮಾಡಬೇಕಿಲ್ಲ. ಸಿ ಕಂಪೈಲರ್ ಜಿಸಿಸಿಯಲ್ಲಿ ‘ಶೇರ್ಡ್’ ಮತ್ತು ‘ಎಫ್‌ಪಿಕ್’ ಆಯ್ಕೆ ಕೊಟ್ಟು ಲೈಬ್ರರಿ ಮಾಡಿ. ಡಿಬಗ್ ಮಾಡುವಷ್ಟು ದಿನ ಇವುಗಳ ಜೊತೆ ‘ಜಿ’ ಮತ್ತು ‘ಓ ಸೊನ್ನೆ’ ಕೂಡ ಇರಲಿ, ಇಲ್ಲದಿದ್ದರೆ ಆಮೇಲೆ ಡಿಬಗರ್‌ನಲ್ಲಿ ವೇರಿಯಬಲ್ ಕೇಳಿದಾಗ ಅಂಥ ಹೆಸರೇ ಇಲ್ಲ ಅಂತಲೋ ‘ಆಪ್ಟಿಮೈಸ್ಡ್ ಔಟ್’ ಅಂತಲೋ ಬರಬಹುದು. ಕೋಡ್ ಸಿ ಪ್ಲಸ್ ಪ್ಲಸ್‌ನದ್ದಾದರೆ ಫಂಕ್ಷನ್‌ಗೆ ‘ಎಕ್ಸ್‌ಟರ್ನ್ ಸಿ’ ಹಾಕಿ. ಹಾಕದಿದ್ದರೆ ಕಂಪೈಲರ್ ಹೆಸರನ್ನೇ ಬದಲಾಯಿಸುತ್ತದೆ, ಪೈಥಾನ್‌ಗೆ ಫಂಕ್ಷನ್ ಸಿಗುವುದಿಲ್ಲ.

ಈಗ 2.5 ಇಂಚು ಕೊಟ್ಟು ನೋಡಿ. 63.5 ಬರಬೇಕು ಅಲ್ವಾ? ಟೈಪ್ ಏನೂ ಹೇಳದೆ ದಶಮಾಂಶ ಸಂಖ್ಯೆ ಕೊಟ್ಟರೆ ಸಿಟೈಪ್ಸ್ ‘ಆರ್ಗ್ಯುಮೆಂಟ್ ಎರರ್’ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ. ತೊಂದರೆ ಶುರುವಾಗೋದು ‘ಆರ್ಗ್‌ಟೈಪ್ಸ್’ (ಫಂಕ್ಷನ್‌ಗೆ ಕೊಡುವುದರ ಟೈಪ್) ಮಾತ್ರ ಬರೆದು ‘ರೆಸ್‌ಟೈಪ್’ (ವಾಪಸ್ ಬರುವುದರ ಟೈಪ್) ಬಿಟ್ಟಾಗ. ವಾಪಸ್ ಬರುವುದು ಪೂರ್ಣಾಂಕ ಅಂತ ಸಿಟೈಪ್ಸ್ ತಾನೇ ಅಂದುಕೊಳ್ಳುತ್ತದೆ, ಎರರ್ ಇಲ್ಲ, ಏನಿಲ್ಲ, ತಲೆಬುಡ ಇಲ್ಲದ ಒಂದು ನಂಬರ್ ಕೈಗೆ ಬರುತ್ತದೆ. ಫಂಕ್ಷನ್ ಒಂದು ಪಾಯಿಂಟರನ್ನು, ಅಂದರೆ ಮೆಮೊರಿ ವಿಳಾಸವನ್ನು, ವಾಪಸ್ ಕೊಡುತ್ತಿದ್ದರೆ ಇನ್ನೂ ಕಷ್ಟ, 64 ಬಿಟ್ ವಿಳಾಸ 32 ಬಿಟ್‌ಗೆ ಕತ್ತರಿಸಿಹೋಗಿ, ಕ್ರ್ಯಾಶ್ ಆಗುವುದು ಅದನ್ನು ಬಳಸುವ ಬೇರೆಲ್ಲೋ. ಲೈಬ್ರರಿ ಲೋಡ್ ಮಾಡಿದ ತಕ್ಷಣ, ಮುಂದಿನ ಲೈನ್‌ಗಳಲ್ಲೇ, ಪ್ರತಿ ಫಂಕ್ಷನ್‌ಗೂ ಎರಡನ್ನೂ ಬರೆದುಬಿಡಿ.

ಕನ್ನಡ ಹೆಸರುಗಳು ಬಂದರೆ ಇನ್ನೊಂದು ತಮಾಷೆ. ಸಿ ಕಡೆ ಊರಿನ ಹೆಸರಿಗೆ 20 ಬೈಟ್ ಜಾಗ ಇಟ್ಟು ‘ಸ್ಟ್ರ್‌ಕಾಪಿ’ (ಜಾಗ ಎಷ್ಟಿದೆ ಅಂತ ನೋಡದೆ ನಕಲು ಮಾಡುವ ಫಂಕ್ಷನ್) ಮಾಡಿದ್ದಾರೆ ಅಂದುಕೊಳ್ಳಿ. ‘ಹಾಸನ’ ಕೊಟ್ಟರೆ ಸರಿಯಾಗಿ ಓಡುತ್ತದೆ, ‘ಚಿಕ್ಕಮಗಳೂರು’ ಕೊಟ್ಟರೆ ಢಮಾರ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ಒತ್ತಿನ ವಿರಾಮ ಎಲ್ಲಕ್ಕೂ ತಲಾ 3 ಬೈಟ್ ಬೇಕು. ಪೈಥಾನ್‌ನ ‘ಲೆನ್’ ಹಾಸನಕ್ಕೆ 4 ಅನ್ನುತ್ತದೆ, ಸಿಯ ‘ಸ್ಟ್ರ್‌ಲೆನ್’ 12 ಅನ್ನುತ್ತದೆ. ಚಿಕ್ಕಮಗಳೂರಿಗೆ 11 ಮತ್ತು 33, ಕೊನೆಯ ಸೊನ್ನೆ ಸೇರಿಸಿದರೆ 34. ಇಪ್ಪತ್ತರಲ್ಲಿ ಎಲ್ಲಿ ಹಿಡಿಯುತ್ತದೆ?

‘ಎಸ್‌ಎನ್‌ಪ್ರಿಂಟ್‌ಎಫ್’ ಹಾಕಿ ಕತ್ತರಿಸಿದರೆ ಕ್ರ್ಯಾಶ್ ನಿಲ್ಲುತ್ತದೆ, ಆದರೆ 19 ಬೈಟ್‌ಗೆ ‘ಚಿಕ್ಕಮ’ ಮತ್ತು ‘ಗ’ದ ಮೂರರಲ್ಲಿ ಒಂದು ಬೈಟ್ ಉಳಿಯುತ್ತದೆ. ವಾಪಸ್ ಪೈಥಾನ್‌ಗೆ ತಂದು ಡಿಕೋಡ್ ಮಾಡಿದರೆ ‘ಯೂನಿಕೋಡ್ ಡಿಕೋಡ್ ಎರರ್’. ಸರಿಯಾದ ದಾರಿ ಅಂದರೆ ಪೈಥಾನ್‌ನಲ್ಲೇ ಮೊದಲು ಎನ್‌ಕೋಡ್ ಮಾಡಿ, ಬೈಟ್ ಎಣಿಸಿ, ಒಂದು ಸೇರಿಸಿ, ಅಷ್ಟು ದೊಡ್ಡ ಬಫರ್ ಮಾಡಿ, ಅದರ ಅಳತೆಯನ್ನೂ ಸಿ ಫಂಕ್ಷನ್‌ಗೆ ಕೊಡುವುದು.

ಇಷ್ಟು ನೋಡಿಯೂ ಬೀಳುತ್ತಿದ್ದರೆ ‘ಫಾಲ್ಟ್‌ಹ್ಯಾಂಡ್ಲರ್’ ಹಚ್ಚಿ. ಪೈಥಾನ್ 3.3ರಿಂದ ಜೊತೆಗೇ ಇದೆ. ಪ್ರೋಗ್ರಾಂ ಓಡಿಸುವಾಗ ‘ಡ್ಯಾಶ್ ದೊಡ್ಡ ಎಕ್ಸ್, ಫಾಲ್ಟ್‌ಹ್ಯಾಂಡ್ಲರ್’ ಅಂತ ಸೇರಿಸಿದರೆ ಆಯಿತು, ಕ್ರ್ಯಾಶ್ ಆಗುವ ಹೊತ್ತಿಗೆ ಪೈಥಾನ್‌ನ ಯಾವ ಲೈನ್ ಓಡುತ್ತಿತ್ತು ಅಂತ ಹೇಳುತ್ತದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಉಳಿದರ್ಧಕ್ಕೆ ಸಿ ಡಿಬಗರ್ ಜಿಡಿಬಿ. ‘ಡ್ಯಾಶ್ ಡ್ಯಾಶ್ ಆರ್ಗ್ಸ್’ ಕೊಟ್ಟು ಪೈಥಾನ್ ಮತ್ತು ನಿಮ್ಮ ಸ್ಕ್ರಿಪ್ಟ್ ಹೆಸರು ಬರೆಯಿರಿ. ಸಿ ಫಂಕ್ಷನ್ ಮೇಲೆ ಬ್ರೇಕ್ ಹಾಕಿದಾಗ ‘ಅಂಥ ಫಂಕ್ಷನ್ ಇಲ್ಲ, ಮುಂದೆ ಲೋಡ್ ಆದರೆ ನಿಲ್ಲಿಸಲಾ’ ಅಂತ ಕೇಳುತ್ತದೆ. ಲೈಬ್ರರಿ ಇನ್ನೂ ಲೋಡ್ ಆಗಿಲ್ಲವಲ್ಲ, ಅದಕ್ಕೆ. ಹೂಂ ಅನ್ನಿ. ‘ರನ್’ ಮಾಡಿ, ಫಂಕ್ಷನ್ ಹತ್ತಿರ ನಿಂತಾಗ ‘ಕಂಟಿನ್ಯೂ’ ಕೊಡಿ, ಬಿದ್ದ ಮೇಲೆ ‘ಬಿಟಿ’ (ಬ್ಯಾಕ್‌ಟ್ರೇಸ್, ಯಾರು ಯಾರನ್ನು ಕರೆದರು ಅನ್ನೋ ಪಟ್ಟಿ) ಹೊಡೆಯಿರಿ. ಮೇಲೆ ನಿಮ್ಮ ಸಿ ಲೈನ್‌ಗಳು, ಕೆಳಗೆ ಪೈಥಾನ್‌ನ ಒಳಗಿನ ಉದ್ದನೆ ಪಟ್ಟಿ. ಆ ಪಟ್ಟಿ ನೋಡಿ ಹೆದರಬೇಡಿ, ಮೊದಲ ನಾಲ್ಕೈದು ಲೈನ್ ಸಾಕು. ಉಬುಂಟುವಿನಲ್ಲಿ ಪೈಥಾನ್‌ನ ಡಿಬಗ್ ಪ್ಯಾಕೇಜ್ ಹಾಕಿಕೊಂಡಿದ್ದರೆ ‘ಪೈ-ಬಿಟಿ’ ಕೂಡ ಸಿಗುತ್ತದೆ, ಅದು ಪೈಥಾನ್ ಕಡೆಯ ಲೈನ್‌ಗಳನ್ನೇ ತೋರಿಸುತ್ತದೆ.

ವಿಂಡೋಸ್‌ನವರಿಗೆ ಎರಡು ಮಾತು. ‘ವಿನ್‌ಎರರ್ 193’ ಬಂದರೆ ಬಹುಪಾಲು ಪೈಥಾನ್ 64 ಬಿಟ್, ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) 32 ಬಿಟ್ ಆಗಿರುತ್ತದೆ, ಅಥವಾ ಅದು ಉಲ್ಟಾ. ಡಿಎಲ್‌ಎಲ್ ಕಣ್ಣ ಮುಂದೆ ಇದ್ದರೂ ಸಿಗುತ್ತಿಲ್ಲ ಅಂದರೆ, ಅದಕ್ಕೆ ಬೇಕಾದ ಇನ್ನೊಂದು ಡಿಎಲ್‌ಎಲ್ ಸಿಗುತ್ತಿಲ್ಲ ಅಂತ ಅರ್ಥ ಇರಬಹುದು. ಪೈಥಾನ್ 3.8ರಿಂದ ಅವುಗಳನ್ನು ಹುಡುಕುವಾಗ ‘ಪಾಥ್’ನಲ್ಲಿರುವ ಫೋಲ್ಡರ್‌ಗಳನ್ನು ನೋಡುವುದಿಲ್ಲ, ‘ಓಎಸ್’ ಮಾಡ್ಯೂಲ್‌ನ ‘ಆ್ಯಡ್ ಡಿಎಲ್‌ಎಲ್ ಡೈರೆಕ್ಟರಿ’ಯಿಂದ ಫೋಲ್ಡರ್ ಹೇಳಬೇಕು.

ವಿಎಸ್ ಕೋಡ್‌ನಲ್ಲಿ ಮಾಡುವುದಾದರೆ, ಪೈಥಾನ್ ಡಿಬಗರ್‌ನಲ್ಲಿ ಸಿ ಕರೆಯುವ ಲೈನ್‌ಗಿಂತ ಮೊದಲು ನಿಲ್ಲಿಸಿ, ‘ಓಎಸ್ ಗೆಟ್‌ಪಿಐಡಿ’ ಹಾಕಿ ಪ್ರೋಸೆಸ್ ನಂಬರ್ ತಗೊಳ್ಳಿ, ಆಮೇಲೆ ಸಿ ಡಿಬಗರ್‌ನಿಂದ ಅದೇ ನಂಬರ್‌ಗೆ ಅಟ್ಯಾಚ್ ಆಗಿ. ಉಬುಂಟುವಿನಲ್ಲಿ ಇದಕ್ಕೆ ಪರ್ಮಿಷನ್ ಇಲ್ಲ ಅಂತ ಬರುತ್ತದೆ, ಯಾರು ಯಾವ ಪ್ರೋಸೆಸ್‌ಗೆ ಅಟ್ಯಾಚ್ ಆಗಬಹುದು ಅಂತ ಹೇಳುವ ‘ಪಿಟ್ರೇಸ್ ಸ್ಕೋಪ್’ ಸೆಟ್ಟಿಂಗ್ 1 ಇರುವುದೇ ಕಾರಣ. ನಿಮ್ಮ ಸ್ವಂತ ಲ್ಯಾಪ್‌ಟಾಪ್ ಆದರೆ ಅದನ್ನು ಸೊನ್ನೆ ಮಾಡಿಕೊಳ್ಳಿ, ಕೆಲಸ ಮುಗಿದ ಮೇಲೆ ವಾಪಸ್ 1 ಮಾಡಿ. ಆಫೀಸಿನ ಸರ್ವರ್‌ನಲ್ಲಿ ಮಾತ್ರ ಮುಟ್ಟಬೇಡಿ.