ನಿಮ್ಮ ಅನಿಮೆ ಟೇಸ್ಟ್ ಯಾವ್ದು ಅಂತ ಕಂಡ್ಕೊಳ್ಳೋದು ಹೇಗೆ, ಅದನ್ನ ನಾಲ್ಕು ಜನರ ಮುಂದೆ ಹೇಳೋದು ಹೇಗೆ

ನಿಮ್ಗೆ ಯಾವ ಥರದ ಅನಿಮೆ, ಅಂದ್ರೆ ಜಪಾನಿನ ಅನಿಮೇಷನ್, ಇಷ್ಟ ಅಂತ ಕೇಳಿದ್ರೆ ಹೆಚ್ಚಿನವ್ರು ಆಕ್ಷನ್, ರೊಮ್ಯಾನ್ಸ್, ಇಸೆಕಾಯ್ (ಬೇರೆ ಲೋಕಕ್ಕೆ ಹೋಗಿ ಬೀಳೋ ಕಥೆ) ಅಂತ ಒಂದು ಪದ ಹೇಳಿ ಮುಗಿಸ್ತಾರೆ, ಆಮೇಲೆ ಅದೇ ಪದ ಹಾಕಿ ಹುಡುಕಿ ಮೇಲೆ ಬಂದಿದ್ದನ್ನ ಹಾಕ್ಕೊಂಡು ಕೂತ್ರೆ ಅರ್ಧಕ್ಕರ್ಧ ಹಿಡಿಸೋದೇ ಇಲ್ಲ. ಯಾಕಂದ್ರೆ ಜಾನರ್, ಅಂದ್ರೆ ಈ ಥರದ ಕಥೆಯ ಬಗೆ, ಹೇಳೋದು ಕಥೆಯಲ್ಲಿ ಏನಿದೆ ಅಂತ ಮಾತ್ರ, ಅದನ್ನ ಹೇಗೆ ತೋರ್ಸಿದ್ದಾರೆ ಅಂತ ಹೇಳಲ್ಲ, ನಮ್ಗೆ ಒಂದು ಅನಿಮೆ ಹಿಡಿಸೋದು ಬಿಡೋದು ಬಹುಪಾಲು ನಿಂತಿರೋದು ಅದರ ಮೇಲೇನೇ. ಅದನ್ನ ಗುರುತು ಹಿಡಿಯೋದು ಬಂದ್ರೆ ಮುಂದೆ ಏನ್ ನೋಡ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ, ಬೇರೆಯವ್ರ ಹತ್ರ ಮಾತಾಡೋಕೂ ಧೈರ್ಯ ಬರುತ್ತೆ. ನಾನು ಮಾಡೋ ರೀತಿ ಹೇಳ್ತೀನಿ, ನಿಮ್ಗೆ ಸರಿ ಅನ್ಸಿದ್ದು ತಗೊಳ್ಳಿ.

ಮೊದ್ಲು ಶೋನೆನ್, ಶೋಜೋ, ಸೇನೆನ್, ಜೋಸೇ ಅನ್ನೋ ಹಣೆಪಟ್ಟಿಗಳನ್ನ ನಂಬೋದು ಬಿಡಿ. ಇವು ಕಥೆಯ ಬಗೆ ಅಲ್ವೇ ಅಲ್ಲ. ಮೂಲ ಮಾಂಗಾ, ಅಂದ್ರೆ ಜಪಾನಿನ ಕಾಮಿಕ್ಸ್, ಅಲ್ಲಿನ ಯಾವ ಪತ್ರಿಕೆಯಲ್ಲಿ ಬಂತು, ಆ ಪತ್ರಿಕೆ ಯಾರು ಕೊಳ್ಳಲಿ ಅಂತ ಮಾಡಿದ್ದು, ಅಷ್ಟೇ ಅದರ ಅರ್ಥ. ಹುಡುಗರಿಗೆ, ಹುಡುಗಿಯರಿಗೆ, ದೊಡ್ಡ ಗಂಡಸರಿಗೆ, ದೊಡ್ಡ ಹೆಂಗಸರಿಗೆ ಅಂತ ನಾಲ್ಕು. ಡೆತ್ ನೋಟ್ ಅಂಥ ಕೊಲೆ, ಪೊಲೀಸ್ ತನಿಖೆ, ಮೈಂಡ್ ಗೇಮ್ ತುಂಬಿರೋ ಕಥೆ ಬಂದಿದ್ದು ವೀಕ್ಲಿ ಶೋನೆನ್ ಜಂಪ್‌ನಲ್ಲಿ, ಅಂದ್ರೆ ಹುಡುಗರ ಪತ್ರಿಕೆಯಲ್ಲಿ. ಹೈಸ್ಕೂಲ್ ಹುಡುಗೀರು ಬ್ಯಾಂಡ್ ಕಟ್ಕೊಂಡು ಪ್ರಾಕ್ಟೀಸ್‌ಗಿಂತ ಜಾಸ್ತಿ ಟೀ ಕುಡಿದು ಕೇಕ್ ತಿನ್ನೋ ಕೆ-ಆನ್ ಬಂದಿದ್ದು ಸೇನೆನ್ ಪತ್ರಿಕೆಯಲ್ಲಿ. ಹಾಗಾಗಿ ನಂಗೆ ಸೇನೆನ್ ಮಾತ್ರ ಇಷ್ಟ, ಅದೇ ಸೀರಿಯಸ್ ಆಗಿರೋದು ಅಂತ ಯಾರಾದ್ರೂ ಹೇಳಿದ್ರೆ ಅವ್ರ ಟೇಸ್ಟ್ ಏನು ಅಂತ ನಿಮ್ಗೂ ಗೊತ್ತಾಗಲ್ಲ ಅವ್ರಿಗೂ ಗೊತ್ತಾಗಲ್ಲ.

ಈಗ ಒಂದು ಹಾಳೆ ತಗೊಳ್ಳಿ ಅಥವಾ ಫೋನ್‌ನಲ್ಲೇ ನೋಟ್ಸ್ ತೆಗೀರಿ. ನಿಮ್ಗೆ ತುಂಬಾ ಇಷ್ಟ ಆಗಿರೋ ಮೂರು ಅನಿಮೆ ಬರೀರಿ, ಜೊತೆಗೆ ಎಲ್ರೂ ಹೊಗಳಿದ್ರೂ ನೀವು ಅರ್ಧಕ್ಕೇ ಬಿಟ್ಟಿರೋದು ಒಂದು. ಪ್ರತಿಯೊಂದರ ಮುಂದೆ ಕಥೆ ಬರೀಬೇಡಿ, ಒಂದೇ ಒಂದು ಸೀನ್ ಬರೀರಿ, ಕಣ್ಣು ಮುಚ್ಚಿದ್ರೆ ಮೊದ್ಲು ಬರೋ ಸೀನ್. ಅದ್ರಲ್ಲಿ ಯಾರು ಏನ್ ಮಾಡ್ತಿದ್ರು, ಮ್ಯೂಸಿಕ್ ಇತ್ತಾ ಇಲ್ವಾ, ಮಾತು ಜಾಸ್ತಿನಾ ಕಮ್ಮಿನಾ, ಬಣ್ಣ ಹೇಗಿತ್ತು, ಇಷ್ಟು ಸಾಕು. ಇದನ್ನ ಮಾಡುವಾಗ ಯಾರ ರಿವ್ಯೂನೂ ಓದ್ಬೇಡಿ, ಓದಿದ್ರೆ ಅವ್ರ ಮಾತೇ ನಿಮ್ಮ ಕೈಯಿಂದ ಬರುತ್ತೆ.

ನಂದೇ ಒಂದು ಹೇಳ್ತೀನಿ. ಲಿಜ್ ಅಂಡ್ ದ ಬ್ಲೂ ಬರ್ಡ್ ಅಂತ 2018ರ ಸಿನಿಮಾ, ಕ್ಯೋಟೋ ಅನಿಮೇಷನ್‌ದು. ಶುರುವಲ್ಲಿ ಮಿಜೋರೆ ಅನ್ನೋ ಹುಡುಗಿ ಸ್ಕೂಲ್ ಮೆಟ್ಟಿಲ ಮೇಲೆ ಕೂತು ಗೆಳತಿ ನೊಜೋಮಿಗೆ ಕಾಯ್ತಾ ಇರ್ತಾಳೆ. ನೊಜೋಮಿ ಬರ್ತಾಳೆ, ಇಬ್ರೂ ಒಳಗೆ ಹೋಗ್ತಾರೆ, ನೊಜೋಮಿ ಮುಂದೆ, ಮಿಜೋರೆ ನಾಲ್ಕು ಹೆಜ್ಜೆ ಹಿಂದೆ. ಮಾತು ಇಲ್ಲವೇ ಇಲ್ಲ ಅನ್ಬಹುದು. ಶೂ ಸದ್ದು, ಮುಂದಿರೋಳ ಪೋನಿಟೇಲ್ ಅತ್ಲಾಗೆ ಇತ್ಲಾಗೆ ಆಡೋದು, ಹೆಜ್ಜೆ ಸದ್ದಿನ ಜೊತೇಲೇ ಸೇರ್ಕೊಂಡು ಹೋಗೋ ಮ್ಯೂಸಿಕ್, ಅಷ್ಟೇ. ಮ್ಯೂಸಿಕ್ ರೂಮ್ ತಲುಪೋ ಹೊತ್ತಿಗೆ ಇವ್ರಿಬ್ಬರಲ್ಲಿ ಯಾರು ಯಾರನ್ನ ಎಷ್ಟು ಹಚ್ಕೊಂಡಿದ್ದಾರೆ ಅಂತ ಪೂರ್ತಿ ಗೊತ್ತಾಗಿರುತ್ತೆ, ಒಬ್ರೂ ಬಾಯ್ಬಿಟ್ಟು ಹೇಳಿರಲ್ಲ. ಇದನ್ನ ಬರ್ಕೊಂಡ್ರೆ ನಂಗೆ ಇಷ್ಟ ಆಗೋದು ಸ್ಕೂಲ್ ಡ್ರಾಮಾ ಅಂತ ಅಲ್ಲ, ಮಾತಿಲ್ದೆ ಮೈ ಚಲನೆಯಲ್ಲೇ ವಿಷ್ಯ ಹೇಳೋ ಅನಿಮೆ ಅಂತ ಕಾಣುತ್ತೆ. ಅಲ್ಲಿಂದ ಮುಂದಕ್ಕೆ ದಾರಿ ಸುಲಭ.

ಆ ದಾರಿ ಅಂದ್ರೆ ಕ್ರೆಡಿಟ್ಸ್, ಯಾರ್ಯಾರು ಕೆಲಸ ಮಾಡಿದ್ದು ಅನ್ನೋ ಹೆಸರುಗಳು. ಎಂಡಿಂಗ್ ಸಾಂಗ್ ಬರ್ತಿದ್ದಂಗೆ ನೆಕ್ಸ್ಟ್ ಎಪಿಸೋಡ್ ಒತ್ತೋ ಅಭ್ಯಾಸ ಇದ್ರೆ ಒಂದೆರಡು ಸಲ ಆದ್ರೂ ತಡ್ಕೊಳ್ಳಿ, ಬರೀ 90 ಸೆಕೆಂಡ್ ಅದು. ಇಲ್ಲಾಂದ್ರೆ ಹೆಸರು ಹಾಕಿ ಸ್ಟಾಫ್ ಲಿಸ್ಟ್ ಹುಡುಕಿ. ನೋಡ್ಬೇಕಾಗಿರೋದು ಮೇನ್ ಡೈರೆಕ್ಟರ್, ಸೀರೀಸ್ ಕಾಂಪೊಸಿಷನ್ ಅಂದ್ರೆ ಪೂರ್ತಿ ಕಥೆ ಹೆಣೆದಿರೋ ಬರಹಗಾರ, ಮತ್ತೆ ಮ್ಯೂಸಿಕ್. ಒಂದು ಎಪಿಸೋಡ್ ಮಾತ್ರ ಬೇರೆಲ್ಲಕ್ಕಿಂತ ಸೂಪರ್ ಅನ್ಸಿದ್ರೆ ಆ ಎಪಿಸೋಡ್‌ನ ಸ್ಟೋರಿಬೋರ್ಡ್, ಅಂದ್ರೆ ಶಾಟ್ ಶಾಟ್ ಆಗಿ ಮೊದ್ಲೇ ಬಿಡಿಸೋ ನಕ್ಷೆ, ಯಾರು ಮಾಡಿದ್ದು ಅಂತಲೂ ನೋಡಿ, ಒಂದೊಂದು ಎಪಿಸೋಡ್‌ಗೆ ಬೇರೆ ಬೇರೆಯವ್ರು ಇರ್ತಾರೆ.

ಲಿಜ್ ಸಿನಿಮಾದ ಡೈರೆಕ್ಟರ್ ನವೋಕೋ ಯಮಾದಾ. ಆಕೆ ಮಾಡಿದ್ದೇ ಕೆ-ಆನ್, 2016ರ ಎ ಸೈಲೆಂಟ್ ವಾಯ್ಸ್, ಆಮೇಲೆ ಸ್ಟುಡಿಯೋ ಬದ್ಲಾಗಿ ಸೈನ್ಸ್ ಸಾರು ಅನ್ನೋ ಕಡೆ 2021ರಲ್ಲಿ ದ ಹೈಕೆ ಸ್ಟೋರಿ. ಒಂದು ಟೀ ಕುಡಿಯೋ ಹುಡುಗೀರ ಕಾಮಿಡಿ, ಒಂದು ಶಾಲೆಯಲ್ಲಿ ಸಹಪಾಠಿಯನ್ನ ಗೋಳು ಹುಯ್ಕೊಂಡ ಹುಡುಗನ ಪಶ್ಚಾತ್ತಾಪದ ಕಥೆ, ಇನ್ನೊಂದು ಜಪಾನಿನ ಹಳೇ ಮಹಾಕಾವ್ಯದ ಯುದ್ಧದ ಕಥೆ. ಜಾನರ್ ಹಿಡ್ಕೊಂಡು ಹೋಗಿದ್ರೆ ಈ ಮೂರು ಒಂದೇ ಲಿಸ್ಟ್‌ಗೆ ಯಾವತ್ತೂ ಬರಲ್ಲ. ಆದ್ರೆ ಮುಖದ ಬದ್ಲು ಕಾಲು ತೋರ್ಸಿ ಮನಸ್ಸಲ್ಲಿರೋದನ್ನ ಹೇಳೋ ಆಕೆಯ ಕೈಚಳಕ ಒಂದ್ಸಲ ಕಣ್ಣಿಗೆ ಬಿದ್ರೆ ಆಮೇಲೆ ಎಲ್ಲಿದ್ರೂ ಗೊತ್ತಾಗುತ್ತೆ. ಇನ್ನೊಂದು ಉದಾಹರಣೆ ಬೇಕಾದ್ರೆ ಬೊಚ್ಚಿ ದ ರಾಕ್ ಮತ್ತೆ ಫ್ರೀರೆನ್ ನೋಡಿ. ಮೊದಲನೇದು 2022, ಎರಡನೇದು 2023ರಲ್ಲಿ ಶುರುವಾಯ್ತು, ಸ್ಟುಡಿಯೋನೂ ಬೇರೆ, ಒಂದು ಸಿಕ್ಕಾಪಟ್ಟೆ ನಾಚ್ಕೊಳ್ಳೋ ಗಿಟಾರ್ ಹುಡುಗಿಯ ಕಾಮಿಡಿ, ಇನ್ನೊಂದು ಸಾವಿರ ವರ್ಷಕ್ಕೂ ಜಾಸ್ತಿ ಬದುಕಿರೋ ಎಲ್ಫ್‌ನ ನಿಧಾನದ ಪ್ರಯಾಣ, ಎರಡರ ಮೊದಲ ಸೀಸನ್ನೂ ಡೈರೆಕ್ಟ್ ಮಾಡಿದ್ದು ಕೇಯಿಚಿರೋ ಸೈಟೋ. ಬೊಚ್ಚಿ ಇಷ್ಟ ಆದವ್ರಿಗೆ ನಾನು ಇನ್ನೊಂದು ಬ್ಯಾಂಡ್ ಅನಿಮೆ ಹೇಳೋ ಮುಂಚೆ ಫ್ರೀರೆನ್ ಹೇಳ್ತೀನಿ.

ಸ್ಟುಡಿಯೋ ಹೆಸರು ನೋಡಿ ಆರಿಸೋದು ಸ್ವಲ್ಪ ಹುಷಾರಾಗಿ ಮಾಡಿ. ಕ್ಯೋಟೋ ಅನಿಮೇಷನ್ ಥರ ತಮ್ಮದೇ ಸಂಬಳದ ಸ್ಟಾಫ್ ಇಟ್ಕೊಂಡಿರೋ ಕಡೆ ಸ್ಟುಡಿಯೋ ಹೆಸರಿಗೆ ಅರ್ಥ ಇದೆ, ಉಳಿದ ಎಷ್ಟೋ ಕಡೆ ಕೆಲಸ ಮಾಡೋರು ಫ್ರೀಲಾನ್ಸ್, ಒಂದು ಪ್ರಾಜೆಕ್ಟ್ ಮುಗೀತಿದ್ದಂಗೆ ಟೀಮ್ ಚದುರುತ್ತೆ. ಒನ್ ಪಂಚ್ ಮ್ಯಾನ್ 2015ರ ಮೊದಲ ಸೀಸನ್‌ಗೂ 2019ರ ಎರಡನೇದಕ್ಕೂ ಡೈರೆಕ್ಟರ್, ಸ್ಟುಡಿಯೋ ಎರಡೂ ಬೇರೆ, ಹೆಸರು ಒಂದೇ ಅಂತ ಅದೇ ಅನುಭವ ಸಿಗುತ್ತೆ ಅಂದ್ಕೊಂಡವ್ರಿಗೆ ಬೇಜಾರಾಗಿದ್ದು ಸಹಜ.

ಟೇಸ್ಟ್ ಪರೀಕ್ಷೆ ಮಾಡ್ಕೊಳ್ಳೋಕೆ ನಂಗೆ ಗೊತ್ತಿರೋ ಒಳ್ಳೇ ಉಪಾಯ ಅಂದ್ರೆ ಫುಲ್‌ಮೆಟಲ್ ಆಲ್ಕೆಮಿಸ್ಟ್. ಒಂದೇ ಮಾಂಗಾ, ಒಂದೇ ಸ್ಟುಡಿಯೋ ಬೋನ್ಸ್, ಎರಡು ಅನಿಮೆ. 2003ರಲ್ಲಿ ಮಾಂಗಾ ಇನ್ನೂ ನಡೀತಾ ಇತ್ತು, ಹಾಗಾಗಿ ಆ 51 ಎಪಿಸೋಡ್‌ಗಳು ಅರ್ಧದಿಂದ ತಮ್ಮದೇ ದಾರಿ ಹಿಡೀತವೆ. 2009ರಲ್ಲಿ ಶುರುವಾದ ಬ್ರದರ್‌ಹುಡ್‌ದು 64 ಎಪಿಸೋಡ್, ಮಾಂಗಾ ದಾರಿಯಲ್ಲೇ ಕೊನೇವರೆಗೂ ಹೋಗುತ್ತೆ. ಹ್ಯೂಸ್ ಅನ್ನೋ ಪಾತ್ರದ ದೊಡ್ಡ ತಿರುವು ಹೊಸದ್ರಲ್ಲಿ 10ನೇ ಎಪಿಸೋಡ್‌ಗೇ ಬರುತ್ತೆ, ಹಳೇದ್ರಲ್ಲಿ 25ಕ್ಕೆ. ನಂಗೆ ಇಲ್ಲಿ ಹಳೇದೇ ಹೆಚ್ಚು, ಯಾಕಂದ್ರೆ ಅಷ್ಟು ದಿನ ಆ ಮನುಷ್ಯನ ಜೊತೆ ಇದ್ದು ಅವ್ನ ಮಗಳ ಫೋಟೋ ತೋರ್ಸೋ ಕಾಟ ಸಹಿಸ್ಕೊಂಡಿರ್ತೀವಿ. ಆದ್ರೆ ಕಥೆ ಕೊನೆ ಮುಟ್ಟಿಸೋದ್ರಲ್ಲಿ ಬ್ರದರ್‌ಹುಡ್‌ಗೆ ಸಾಟಿ ಇಲ್ಲ. ನೀವು ಎರಡರ ಮೊದಲ ಹತ್ತು ಎಪಿಸೋಡ್ ನೋಡಿ ಯಾವ್ದು ಎಳೀತು ಅಂತ ನೋಡ್ಕೊಳ್ಳಿ, ನಿಮ್ಗೆ ಕಥೆ ಓಡ್ಬೇಕಾ ಪಾತ್ರದ ಜೊತೆ ಕೂತಿರ್ಬೇಕಾ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಡ್ರಾಯಿಂಗ್ ಬಗ್ಗೆ. "ಅನಿಮೇಷನ್ ಚೆನ್ನಾಗಿಲ್ಲ" ಅಂತ ಹೇಳೋ ಮುಂಚೆ ಏನ್ ನೋಡಿ ಹಾಗಂದೆ ಅಂತ ಕೇಳ್ಕೊಳ್ಳಿ. ಸೆಕೆಂಡ್‌ಗೆ 24 ಫ್ರೇಮ್ ಇದ್ರೂ ಟಿವಿ ಅನಿಮೆಯಲ್ಲಿ ಒಂದೇ ಚಿತ್ರವನ್ನ ಎರಡು ಮೂರು ಫ್ರೇಮ್ ಹಿಡಿದಿಡ್ತಾರೆ, ಅಂದ್ರೆ ಸೆಕೆಂಡ್‌ಗೆ 12 ಅಥವಾ 8 ಚಿತ್ರ. 1963ರ ಆಸ್ಟ್ರೋ ಬಾಯ್ ಕಾಲದಿಂದ ಕಮ್ಮಿ ಚಿತ್ರದಲ್ಲಿ ಕೆಲಸ ತೆಗೆಯೋದು ಅಲ್ಲಿನ ಪದ್ಧತಿ, ದುಡ್ಡು ಟೈಮು ಎರಡೂ ಇಲ್ದೆ ಹುಟ್ಟಿದ್ದು ಆಮೇಲೆ ಒಂದು ಕಲೆಯೇ ಆಯ್ತು. ಇವಾಂಜೆಲಿಯನ್ 22ನೇ ಎಪಿಸೋಡ್‌ನಲ್ಲಿ ಅಸುಕಾ ಮತ್ತೆ ರೇ ಲಿಫ್ಟ್‌ನಲ್ಲಿ ನಿಂತಿರ್ತಾರೆ, ಸುಮಾರು ಒಂದು ನಿಮಿಷ ಚಿತ್ರ ಅಲ್ಲಾಡಲ್ಲ, ಲಿಫ್ಟ್ ಸದ್ದು ಮಾತ್ರ. ಆ ಇಬ್ರ ನಡುವಿನ ಇರುಸುಮುರುಸು ನಮ್ಗೇ ಉಸಿರು ಕಟ್ಟಿಸುತ್ತೆ, ಅದು ಚಿತ್ರ ನಿಂತಿದ್ದಕ್ಕೇ ಆಗಿದ್ದು. ಇನ್ನು 2014ರ ಪಿಂಗ್ ಪಾಂಗ್ ಮೊದಲ ನೋಟಕ್ಕೆ ಗೀಚಿದಂಗೆ ಕಾಣುತ್ತೆ, ಗೆರೆ ವಂಕ, ಮುಖ ಸೊಟ್ಟ, ಆದ್ರೆ ಆಟ ಶುರುವಾದ್ಮೇಲೆ ಚೆಂಡಿಗೆ ಹೊಡೆದ ರಭಸ ಆ ಸೊಟ್ಟ ಗೆರೆಯಿಂದಲೇ ಬರ್ತಿದೆ ಅಂತ ಗೊತ್ತಾಗುತ್ತೆ. ಬರೀ 11 ಎಪಿಸೋಡ್, ಚಿತ್ರ ನೋಡಿ ಬಿಟ್ಟವ್ರು ದಯವಿಟ್ಟು ಇನ್ನೊಂದ್ಸಲ ಹಾಕಿ.

ಎಷ್ಟು ಎಪಿಸೋಡ್ ನೋಡಿ ಬಿಡ್ಬಹುದು ಅಂತ ಕೇಳ್ತಾರೆ. ಮೂರು ಅನ್ನೋದು ಫ್ಯಾನ್ಸ್ ಮಧ್ಯೆ ಇರೋ ಲೆಕ್ಕ, 12-13 ಎಪಿಸೋಡ್ ಸೀಸನ್‌ಗೆ ಅದು ಸರಿಯಾಗೇ ಇದೆ, ಮಡೋಕಾ ಮ್ಯಾಜಿಕಾ ಅಂತೂ ಮೂರನೇದು ನೋಡದೇ ಬಿಟ್ರೆ ಏನೂ ನೋಡಿದಂಗಲ್ಲ. ಮುಶಿಶಿ ಥರ ಎಪಿಸೋಡ್‌ಗೊಂದು ಕಥೆ ಇರೋದಕ್ಕೆ ಒಂದೇ ಸಾಕು. ಹಿಡಿಸ್ಲಿಲ್ಲ ಅಂದ್ರೆ ಬಿಡಿ, 40 ಎಪಿಸೋಡ್ ಆದ್ಮೇಲೆ ಚೆನ್ನಾಗಾಗುತ್ತೆ ಅಂತ ಯಾರೋ ಹೇಳಿದ್ರು ಅಂತ ನಿಮ್ಮ ಟೈಮ್ ಕೊಡ್ಬೇಡಿ. ಸಬ್ಬಾ ಡಬ್ಬಾ, ಅಂದ್ರೆ ಜಪಾನಿ ದನಿಗೆ ಸಬ್‌ಟೈಟಲ್ಲಾ ಬೇರೆ ಭಾಷೆಗೆ ಡಬ್ ಆಗಿರೋದಾ ಅನ್ನೋದೂ ನಿಮ್ಮಿಷ್ಟ, ಎರಡರಲ್ಲೂ ಐದೈದು ನಿಮಿಷ ಕೇಳಿ ಯಾವ ದನಿ ಆ ಮುಖಕ್ಕೆ ಹೊಂದುತ್ತೋ ಅದನ್ನ ಹಾಕ್ಕೊಳ್ಳಿ.

ರೇಟಿಂಗ್ ನೋಡಿ, ಆದ್ರೆ ನಿಮ್ಮ ಎರಡು ಸಾಲು ಬರೆದ ಮೇಲೆ ನೋಡಿ. ಮತ್ತೆ ಒಂದು ವಿಷ್ಯ ನೆನಪಿಟ್ಕೊಳ್ಳಿ, ಮೂರನೇ ನಾಲ್ಕನೇ ಸೀಸನ್‌ಗಳು ರೇಟಿಂಗ್ ಲಿಸ್ಟ್‌ನ ಮೇಲ್ತುದಿಯಲ್ಲಿ ಕೂತಿರೋದಕ್ಕೆ ಒಂದು ದೊಡ್ಡ ಕಾರಣ ಅಂದ್ರೆ ಹಿಡಿಸದೇ ಇದ್ದವ್ರು ಮೊದಲ ಸೀಸನ್‌ಗೇ ಎದ್ದು ಹೋಗಿರ್ತಾರೆ, ಉಳಿದು ಓಟ್ ಹಾಕೋರು ಅದನ್ನ ಪ್ರೀತ್ಸೋರೇ.

ಇನ್ನು ಅಭಿಪ್ರಾಯ ಹೇಳೋದು. ಸೂಪರ್, ವೇಸ್ಟ್, ಓವರ್‌ರೇಟೆಡ್, ಈ ಮೂರು ಪದ ಬಿಟ್ಟು ಮಾತಾಡಿ ನೋಡಿ, ಆಗ ತಾನಾಗೇ ಸೀನ್‌ಗೆ ಕೈ ತೋರಿಸ್ತೀರಿ. ಹರುಹಿ ಸುಜುಮಿಯಾ ಅನ್ನೋ ಅನಿಮೆ 2009ರಲ್ಲಿ ಹೆಚ್ಚೂಕಮ್ಮಿ ಅದೇ ಕಥೆಯನ್ನ ಎಂಟು ಎಪಿಸೋಡ್ ಸಾಲಾಗಿ ತೋರ್ಸಿತು, ಪಾತ್ರಗಳು ಒಂದೇ ರಜೆಯಲ್ಲಿ ಸಿಕ್ಕಿಹಾಕ್ಕೊಂಡು ಸುತ್ತುತ್ತಾ ಇರ್ತಾರೆ ಅಂತ. ಪ್ರತಿ ಎಪಿಸೋಡ್ ಹೊಸದಾಗೇ ಬಿಡಿಸಿದ್ದು, ಬಟ್ಟೆ, ಕ್ಯಾಮೆರಾ ಆ್ಯಂಗಲ್ ಎಲ್ಲ ಬೇರೆ. ಇದನ್ನ ವೇಸ್ಟ್ ಅಂದ್ರೆ ಮಾತು ಅಲ್ಲಿಗೇ ಜಗಳ ಆಗುತ್ತೆ. ನಾನು ಹೇಳೋದು ಹೀಗೆ: ಆ ಪಾತ್ರಗಳಲ್ಲಿ ನಾಗಾಟೋ ಅನ್ನೋಳು ಒಬ್ಳಿಗೆ ಮಾತ್ರ ಅಷ್ಟೂ ಸುತ್ತು ನೆನಪಿರುತ್ತೆ, ಅವ್ಳ ಸುಸ್ತು ನಮ್ಗೂ ಅಂಟ್ಬೇಕು ಅಂತ ಮಾಡಿದ್ದು, ಆ ಧೈರ್ಯ ಮೆಚ್ತೀನಿ, ಆದ್ರೆ ಅದು ನಾಲ್ಕಕ್ಕೇ ಅಂಟಿತ್ತು, ಎಂಟು ವಾರ ಕಾದು ನೋಡಿದವ್ರಿಗೆ ಜಾಸ್ತಿ ಆಯ್ತು. ಇದಕ್ಕೆ ಎದುರಿನವ್ರು ಇಲ್ಲ ಎಂಟೇ ಬೇಕಿತ್ತು ಅಂತ ವಾದ ಮಾಡ್ಬಹುದು, ಮಾಡ್ಲಿ, ಆಗ್ಲೇ ಮಾತಿಗೆ ರುಚಿ. ಅವ್ರಿಗೆ ಹಿಡಿಸಿದ ಸೀನ್ ಯಾವ್ದು ಅಂತ ಕೇಳಿ, ಮತ್ತೆ ಹೋಗಿ ನೋಡಿ. ಮತ್ತೆ ಸ್ಪಾಯ್ಲರ್, ಅಂದ್ರೆ ಕಥೆಯ ಗುಟ್ಟು ಬಿಟ್ಟುಕೊಡೋ ಮಾತು, ಇದ್ರೆ ಮೊದ್ಲೇ ಹೇಳ್ಬಿಡಿ, ಎಷ್ಟು ಹಳೇ ಅನಿಮೆ ಆದ್ರೂ ಯಾರೋ ಒಬ್ರು ನಾಳೆ ಮೊದಲನೇ ಸಲ ನೋಡೋರು ಇರ್ತಾರೆ.

ಬೇರೆಯವ್ರಿಗೆ ಸಜೆಸ್ಟ್ ಮಾಡುವಾಗ ನಿಮ್ಮ ನಂಬರ್ ಒನ್ ಕೊಡ್ಬೇಡಿ. ಅವ್ರು ಬೇರೆ ಸಿನಿಮಾಗಳಲ್ಲಿ ಏನ್ ಇಷ್ಟ ಪಡ್ತಾರೆ ಅಂತ ಕೇಳಿ ಅದಕ್ಕೆ ಹೊಂದೋದು ಕೊಡಿ. ಕಾರ್ಟೂನ್ ಅಂದ್ರೆ ಮಕ್ಕಳಿಗೆ ಅಂದ್ಕೊಂಡಿರೋ ದೊಡ್ಡವ್ರಿಗೆ ನಾನು ಕೊಡೋದು ಸತೋಶಿ ಕೋನ್ ಮಾಡಿದ 2003ರ ಟೋಕಿಯೋ ಗಾಡ್‌ಫಾದರ್ಸ್, ಮನೆ ಇಲ್ದೆ ಬೀದಿಯಲ್ಲಿರೋ ಮೂವರಿಗೆ ಕ್ರಿಸ್‌ಮಸ್ ರಾತ್ರಿ ಒಂದು ಕೂಸು ಸಿಗುತ್ತೆ, ಅಷ್ಟು ಮಾತ್ರ ಹೇಳಿ ಸಾಕು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತೆ. ಅವ್ರು ನೋಡುವಾಗ ಪಕ್ಕದಲ್ಲಿ ಕೂತು ಈಗ ಬರುತ್ತೆ ನೋಡಿ ಅಂತ ಹೇಳ್ಬೇಡಿ.