ಮೂರು ಎಂಟು ಇಟ್ಟುಕೊಂಡು ಸೋತ ಕೈ

ನಾನು ಹುಬ್ಬಳ್ಳಿಯವನು. ದೀಪಾವಳಿಗೆ ಮನೆಮಂದಿಯ ಜೊತೆ ತೀನ್ ಪತ್ತಿ ಆಡಿ ಬೆಳೆದವನು. ಅಲ್ಲಿ ಟ್ರೇಲ್, ಅಂದರೆ ಮೂರು ಎಕ್ಕ, ಮೂರು ಎಂಟು ಥರ ಮೂರೂ ಒಂದೇ ಎಲೆ, ಬಿದ್ದರೆ ಮುಖ ಸಪ್ಪಗೆ ಮಾಡಿಕೊಂಡು ಕೂರಬೇಕು, ಉಳಿದವರು ತಾವಾಗಿಯೇ ದುಡ್ಡು ಹಾಕುತ್ತಾರೆ. ಇದೇ ಚಾಳಿ ಹೊತ್ತುಕೊಂಡು ಪಣಜಿಗೆ ಹೋದೆ, ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೋ ಹಡಗೊಂದರ ಪೋಕರ್ ಟೇಬಲ್ಲಿಗೆ.

ಅಲ್ಲಿ ಪ್ರತಿಯೊಬ್ಬರ ಕೈಗೆ ಎರಡೇ ಎಲೆ, ಟೇಬಲ್ ಮೇಲೆ ತೆರೆಯುವ ಐದು ಎಲೆ ಎಲ್ಲರಿಗೂ ಸೇರಿದ್ದು. ನನ್ನ ಕೈಯಲ್ಲಿ ಎಂಟರ ಜೋಡಿ. ಫ್ಲಾಪ್‌ನಲ್ಲಿ, ಅಂದರೆ ಟೇಬಲ್ ಮೇಲಿನ ಮೊದಲ ಮೂರು ಎಲೆಯಲ್ಲಿ, ಬಿದ್ದಿದ್ದು ಆಟಿನ್ ರಾಜ, ಆಟಿನ್ ಎಂಟು, ಕಳಾವರ್ ಆರು. ಸೆಟ್, ಅಂದರೆ ಮೂರು ಎಂಟು! ಜೋಡಿ ಹಿಡಿದವನಿಗೆ ಇದು ಎಂಟೊಂಬತ್ತು ಸಲಕ್ಕೆ ಒಮ್ಮೆ ಸಿಗುವ ಭಾಗ್ಯ. ಪಾಟ್‌ನಲ್ಲಿ, ಅಂದರೆ ನಡುವಿನ ದುಡ್ಡಿನ ರಾಶಿಯಲ್ಲಿ, 3000 ಇತ್ತು. ಮೊದಲು ಕೂತಿದ್ದವರು 2000 ಹಾಕಿದರು. ನಾನು ಸುಮ್ನೆ ಕಾಲ್ ಮಾಡಿದೆ, ಅಷ್ಟೇ ದುಡ್ಡು ಹಾಕಿದೆ. ರೇಸ್ ಮಾಡಿ ಜಾಸ್ತಿ ಹಾಕಿದರೆ ಎಲ್ಲರೂ ಓಡಿಹೋಗ್ತಾರೆ ಅನ್ನೋ ಭಯ. ನನ್ನ ನಂತರದ ಹುಡುಗನೂ ಕಾಲ್ ಮಾಡಿದ. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, ಆಟಿನ್ ಮೂರು ಬಿತ್ತು. ಹುಡುಗನ ಹತ್ತಿರ ಆಟಿನ್ ಎಕ್ಕ, ಆಟಿನ್ ಹತ್ತು. ಅವನ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಯಿತು, ಅದನ್ನು ಸೋಲಿಸುವ ಫುಲ್ ಹೌಸ್ (ಮೂರು ಒಂದು ಥರ, ಎರಡು ಇನ್ನೊಂದು ಥರ) ನನಗೆ ಕೊನೆಗೂ ಆಗಲಿಲ್ಲ. 15,000 ಹೋಯಿತು.

ಪಕ್ಕದಲ್ಲಿದ್ದ ಗೆಳೆಯ ಕೇಳಿದ: "ಯಾಕಲೇ, ತತ್ತಿ ಮ್ಯಾಲ ಕೋಳಿ ಕುಂತಂಗ ಕುಂತಿದ್ದಿ?"

ಆಮೇಲೆ ಕೂತು ಲೆಕ್ಕ ಹಾಕಿದೆ. ತೀನ್ ಪತ್ತಿಯಲ್ಲಿ ಹಂಚಿದ ಮೇಲೆ ಹೊಸ ಎಲೆ ಬರೋದಿಲ್ಲ. ನನ್ನ ಟ್ರೇಲ್ ಕೊನೆತನಕ ಟ್ರೇಲೇ. ಪೋಕರ್‌ನಲ್ಲಿ ಫ್ಲಾಪ್ ಆದಮೇಲೂ ಎರಡು ಎಲೆ ಬಾಕಿ. ಆ ಹುಡುಗನಿಗೆ ಟರ್ನ್‌ನಲ್ಲೇ ಆಟಿನ್ ಬೀಳುವ ಸಾಧ್ಯತೆ ಶೇಕಡಾ 19ರ ಆಸುಪಾಸು. ಅದರಲ್ಲೂ ಆಟಿನ್ ಆರು ಬಿದ್ದಿದ್ದರೆ ನನಗೇ ಫುಲ್ ಹೌಸ್. ಪಾಟ್ 7000 ಆಗಿದ್ದಾಗ ಅವನು 2000 ಕೊಟ್ಟ. ಫ್ಲಶ್ ಆದಮೇಲೆ ನನ್ನಿಂದ ಸಿಗೋದನ್ನೂ ಸೇರಿಸಿದರೆ ಅವನಿಗೆ ಅದು ಪುಕ್ಕಟೆ ಟಿಕೆಟ್ಟು, ಅಲ್ವಾ? ನಾನು 6000ಕ್ಕೆ ರೇಸ್ ಮಾಡಿದ್ದರೆ 11,000ದ ಪಾಟ್‌ಗೆ ಅವನು 6000 ಕೊಡಬೇಕಿತ್ತು. ಅಷ್ಟು ಕೊಟ್ಟರೆ ಗಿಟ್ಟಬೇಕಾದರೆ ಶೇಕಡಾ 35ರಷ್ಟಾದರೂ ಗೆಲ್ಲೋ ಸಾಧ್ಯತೆ ಬೇಕು. ಬಂದಿದ್ದರೆ ಬರಲಿ, ಜಾಸ್ತಿ ಬೆಲೆ ಕೊಟ್ಟು ಬರಲಿ.

ಈಗ ನಾನು ನನ್ನ ಎಲೆಗಿಂತ ಮೊದಲು ಟೇಬಲ್ ಮೇಲಿನ ಎಲೆ ನೋಡುತ್ತೇನೆ. ಒಂದೇ ಜಾತಿಯ ಎರಡು ಎಲೆ, ಇಲ್ಲವೇ ಒಂಬತ್ತು-ಹತ್ತು-ಗುಲಾಮ ಥರ ಅಂಟಿಕೊಂಡ ಎಲೆ ಇದ್ದರೆ ರೇಸ್. ಆಟದಲ್ಲಿ ಮೂರು ಜನ ಉಳಿದಿದ್ದರಂತೂ ಯೋಚನೆಯೇ ಇಲ್ಲ.

ಕಾಲ್ ಮಾಡೋ ಸಂದರ್ಭವೂ ಇದೆ. ಮುಂದಿನ ಸಲ ಹೋದಾಗ ನನ್ನ ಕೈಯಲ್ಲಿ ಏಳರ ಜೋಡಿ. ಫ್ಲಾಪ್ ರಾಣಿ, ಏಳು, ಎರಡು, ಮೂರೂ ಬೇರೆ ಜಾತಿ. ಎದುರಿಗೆ ಒಬ್ಬರೇ, ಅವರೋ ಏನು ಬಂದರೂ ದುಡ್ಡು ಹಾಕುವ ಆಸಾಮಿ. ಇಲ್ಲಿ ಹೆದರೋಕೆ ಎಲೆಯೇ ಇಲ್ಲ. ಅವರೇ ಎರಡು ಸಲ ಹಾಕಿದರು, ನಾನು ಎರಡು ಸಲವೂ ಕಾಲ್ ಮಾಡಿದೆ. ರಿವರ್‌ನಲ್ಲಿ, ಅಂದರೆ ಕೊನೆಯ ಎಲೆಗೆ, ಮತ್ತೆ ಹಾಕಿದರು, ಆಗ ರೇಸ್ ಮಾಡಿದೆ. ಕೈಯಲ್ಲಿದ್ದ ಒಂದು ರಾಣಿ, ಟೇಬಲ್ ಮೇಲಿನ ಒಂದು ರಾಣಿ, ಆ ಜೋಡಿಯನ್ನೇ ನಂಬಿ ಕಾಲ್ ಮಾಡೇ ಬಿಟ್ಟರು.

ಎಕ್ಕದ ಜೋಡಿ ಬಂದರೆ ಮಾತ್ರ ಹಳೇ ಚಾಳಿ ಇನ್ನೂ ಕೆರಳುತ್ತದೆ. 221 ಕೈಗೆ ಒಮ್ಮೆ ಬರುವ ಎಲೆ. ಯಾವ ಎಲೆಯೋ ಹಿಡಿದ ಒಬ್ಬರೆದುರು ಶೇಕಡಾ 85 ಗೆಲ್ಲುತ್ತದೆ, ಅಂಥ ನಾಲ್ವರೆದುರು 56ಕ್ಕೆ ಇಳಿಯುತ್ತದೆ. ರೇಸ್ ಮಾಡಿ, ಎಲ್ಲರೂ ಎಲೆ ಎಸೆದು, ಬರೀ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ದುಡ್ಡು) ಸಿಕ್ಕರೆ ಹೊಟ್ಟೆ ಉರಿಯುತ್ತದೆ. ಆದರೂ ರೇಸ್ ಮಾಡುತ್ತೇನೆ.