ಬಡಗಿಗಳ ಗೋಂದು, ಹಳೇ ಹಿಪ್‌ಹಾಪ್ ತಟ್ಟೆಗಳು: ನನ್ನ ಅನುಭವ

ರೆಕಾರ್ಡ್, ಅಂದ್ರೆ ಹಾಡಿನ ವಿನೈಲ್ ತಟ್ಟೆ ಮೇಲೆ ಗೋಂದು ಸುರಿದು, ಒಣಗಿಸಿ, ಸಿಪ್ಪೆ ಸುಲಿದ ಹಾಗೆ ಎಳೆದು ತೆಗೆದರೆ ಗೆರೆಯೊಳಗಿನ ಕೊಳೆಯೆಲ್ಲ ಅದರ ಜೊತೆ ಬಂದುಬಿಡುತ್ತೆ ಅಂತ ನಾನು ಹೇಳಿದಾಗ ನಮ್ಮ ನ್ಯೂಜೆರ್ಸಿ ಗೆಳೆಯರ ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ. ಉಪಾಯ ನನ್ನದೇನಲ್ಲ, ನನಗಿಂತ ಮುಂಚೆ ಬಹಳ ಜನ ಮಾಡಿದ್ದಾರೆ. ಆದರೆ ಡಿಜೆಗಳು ಉಜ್ಜಿ ಉಜ್ಜಿ ಬಿಸಾಕಿದ 1980ರ ದಶಕದ ರ‍್ಯಾಪ್ ಎಲ್‌ಪಿಗಳ (ಇಡೀ ಆಲ್ಬಂ ಹಿಡಿಸೋ ದೊಡ್ಡ ತಟ್ಟೆಗಳು) ಮೇಲೆ ಇದು ನಡೆಯಲ್ಲ ಅನ್ನೋದು ಎಲ್ಲರ ವಾದ. ಕನ್ನಡ ಕೂಟದ ಗೆಳೆಯರೊಬ್ಬರು, ಮನೇಲಿ ರಾಜನ್-ನಾಗೇಂದ್ರ ಇಪಿಗಳನ್ನು (ಸಣ್ಣ ತಟ್ಟೆಗಳು) ದೇವರ ಪಟದಷ್ಟು ಜೋಪಾನವಾಗಿ ಇಟ್ಟುಕೊಂಡವರು, "ನಿಮಗೆ ತಲೆ ಕೆಟ್ಟಿದೆಯೇನ್ರೀ? ಕುರ್ಚಿ ಕಾಲು ಅಂಟಿಸೋದನ್ನ ತಟ್ಟೆಗೆ ಹಚ್ತೀರಾ?" ಅಂದರು. ಈಗ ಅವರ ಇಪಿಗಳು ಸರದಿಯಲ್ಲಿ ನನ್ನ ಮನೆಗೆ ಬರ್ತಿವೆ. ಇಷ್ಟು ಜಂಬ ಕೊಚ್ಚಿಕೊಳ್ಳೋಕೆ ನನಗೆ ಹಕ್ಕಿದೆ.

ಹಿಪ್‌ಹಾಪಿಗೇ, ಅಂದ್ರೆ ಈ ರ‍್ಯಾಪ್ ಸಂಗೀತಕ್ಕೇ, ಯಾಕೆ ಇಷ್ಟು ತಲೆ ಕೆಡಿಸಿಕೊಂಡೆ ಅಂದ್ರೆ, ಆ ಕಾಲದ ಆಲ್ಬಂಗಳಲ್ಲಿ ಕೊಳೆಗೆ ಅಡಗಿಕೊಳ್ಳೋಕೆ ಜಾಗವೇ ಇಲ್ಲ. ರಾಕ್ ರೆಕಾರ್ಡಿನಲ್ಲಿ ಗಿಟಾರ್ ಗದ್ದಲದ ಹಿಂದೆ ಚಟಪಟ ಮುಚ್ಚಿಹೋಗುತ್ತೆ. ರನ್-ಡಿಎಂಸಿ ಅನ್ನೋ ರ‍್ಯಾಪ್ ಗುಂಪಿನ 1984ರ ಮೊದಲ ಆಲ್ಬಂ ತಗೊಳ್ಳಿ. ಅದರಲ್ಲಿರೋ 'ಸಕರ್ ಎಂಸೀಸ್' ಹಾಡಿಗೆ ಬೇಸ್ ಲೈನೇ (ತಗ್ಗು ಸ್ವರದ ಸಾಲು) ಇಲ್ಲ. ಓಬರ್‌ಹೈಮ್ ಡಿಎಂಎಕ್ಸ್ ಡ್ರಮ್ ಮಷೀನು, ಚಪ್ಪಾಳೆ, ಸ್ವಲ್ಪ ಸ್ಕ್ರ್ಯಾಚು (ತಟ್ಟೆಯನ್ನ ಕೈಯಲ್ಲಿ ಹಿಂದೆ ಮುಂದೆ ಆಡಿಸಿ ಹೊರಡಿಸೋ ಸದ್ದು), ಇಬ್ಬರ ದನಿ, ಅಷ್ಟೇ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಬರೀ ಖಾಲಿ. ಆ ಖಾಲಿಯೇ ಸಂಗೀತ. ಅಲ್ಲಿ ನಲವತ್ತು ವರ್ಷದ ಧೂಳು ಕೂತರೆ ಹಾಡು ಸತ್ತ ಹಾಗೆ. ಎಲ್‌ಎಲ್ ಕೂಲ್ ಜೆಯ 'ರೇಡಿಯೋ' (1985) ಇನ್ನೂ ಒಂದು ಹೆಜ್ಜೆ ಮುಂದೆ. ರಿಕ್ ರೂಬಿನ್ ತನ್ನ ಹೆಸರಿನ ಮುಂದೆ ನಿರ್ಮಾಪಕ ಅಂತ ಹಾಕದೆ 'ಕಡಿಮೆ ಮಾಡಿದವನು' ಅನ್ನೋ ಅರ್ಥದಲ್ಲಿ ಬರೆಸಿಕೊಂಡಿದ್ದಾನೆ, ಮತ್ತೆ ನಿಜವಾಗಲೂ ಕಡಿಮೆ ಮಾಡಿದ್ದಾನೆ. ಇವೆರಡು ನನ್ನ ಪಟ್ಟಿಯಲ್ಲಿ ಯಾವಾಗಲೂ ಮೇಲೆ. ಸ್ವಚ್ಛ ತಟ್ಟೆಯಲ್ಲಿ ಕೇಳಿದ ಮೇಲಂತೂ ಇನ್ನೂ ಮೇಲೆ.

ಮೊದಲು ದುಡ್ಡಿನ ವಿಷಯ. ವ್ಯಾಕ್ಯೂಮ್ ಯಂತ್ರಕ್ಕೆ ಆಗ ಕೇಳಿದ್ದು ಸುಮಾರು ಆರುನೂರು ಡಾಲರ್. ಹತ್ತು ಡಾಲರ್ ಬೆಲೆಯ ತಟ್ಟೆ ತೊಳೆಯೋಕೆ ಅಷ್ಟು ಸುರಿಯೋದು ನನ್ನ ಲೆಕ್ಕಕ್ಕೆ ಕೂರಲಿಲ್ಲ. ಒಂದು ಗ್ಯಾಲನ್ ಟೈಟ್‌ಬಾಂಡ್ 2, ಅಂದ್ರೆ ನಾನು ಬಳಸೋ ಬಡಗಿಗಳ ಗೋಂದು, ಇಪ್ಪತ್ತೈದು ಮೂವತ್ತು ಡಾಲರಿಗೆ ಸಿಗುತ್ತಿತ್ತು. ಒಂದು ಬದಿಗೆ ಒಂದೂವರೆ ಔನ್ಸ್ ಅಂತ ಹಿಡಿದರೂ ಎಂಬತ್ತು ಬದಿ ಬರುತ್ತೆ. ಅಂದ್ರೆ ಒಂದು ಎಲ್‌ಪಿಗೆ ಮುಕ್ಕಾಲು ಡಾಲರಿನೊಳಗೆ ಕೆಲಸ ಮುಗೀತು. ಊರಲ್ಲಿರೋರು ಫೆವಿಕಾಲ್ ಆಗುತ್ತಾ ಅಂತ ಕೇಳ್ತಾರೆ. ಅದೂ ಪಿವಿಎ ಜಾತಿಯ (ಬಿಳಿ ಮರದ ಗೋಂದಿನ ಬಗೆ) ಗೋಂದೇ, ನಾನು ಬಳಸಿಲ್ಲ. ಗೀರು ಬಿದ್ದು ಯಾವುದಕ್ಕೂ ಬೇಡವಾದ ತಟ್ಟೆ ಮೇಲೆ ಮೊದಲು ನೋಡಿಕೊಳ್ಳಿ. 78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತು) ಹಳೇ ಅರಗಿನ ತಟ್ಟೆಗಳಿಗೆ ಮಾತ್ರ ಯಾವ ಗೋಂದೂ ತಾಗಿಸಬೇಡಿ, ಅವು ವಿನೈಲ್ ಅಲ್ಲ.

ಅಭ್ಯಾಸಕ್ಕೆ ನಾನು ಆರಿಸಿಕೊಂಡಿದ್ದು ಲಕ್ಷಗಟ್ಟಲೆ ಅಚ್ಚಾದ ಆಲ್ಬಂಗಳನ್ನ. ರನ್-ಡಿಎಂಸಿಯ 'ರೇಸಿಂಗ್ ಹೆಲ್' (1986), ಬೀಸ್ಟಿ ಬಾಯ್ಸ್‌ನ 'ಲೈಸೆನ್ಸ್ಡ್ ಟು ಇಲ್' (1986). ಎರಡನೆಯದು ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ ತುದಿಗೇರಿದ ಮೊದಲ ರ‍್ಯಾಪ್ ಆಲ್ಬಂ, ಹಾಗಾಗಿ ಅಮೆರಿಕದಲ್ಲಿ ಯಾವ ಗ್ಯಾರೇಜ್ ಸೇಲಿನ ಡಬ್ಬ ಕೆದಕಿದರೂ ಒಂದು ಸಿಗುತ್ತಿತ್ತು. ಕವರ್ ಹರಿದಿದ್ದರೆ ಆಗ ಎರಡು ಮೂರು ಡಾಲರ್. ಹಾಳಾದರೆ ಹೊಟ್ಟೆ ಉರಿಯಲ್ಲ.

ಹಾಳಾದವು ಕೂಡ. ಮೊದಮೊದಲು ತೆಳುವಾಗಿ ಹಚ್ಚಿದೆ, ಎಳೆಯೋವಾಗ ಚೂರು ಚೂರಾಗಿ ಹರಿದು ಗೆರೆಯಲ್ಲೇ ಉಳೀತು. ಆಮೇಲೆ ದಪ್ಪ ಹಚ್ಚಿದೆ. ಆಗಸ್ಟ್ ತಿಂಗಳ ಜಿಗುಟು ಸೆಕೆಯಲ್ಲಿ ಎರಡು ದಿನ ಕಾದರೂ ನಡುಭಾಗ ಹಸಿ. ಅವಸರಕ್ಕೆ ಎಳೆದರೆ ಆ ಹಸಿ ಭಾಗ ತಟ್ಟೆಗೇ ಕಚ್ಚಿಕೊಳ್ಳುತ್ತೆ. ಪೂರ್ತಿ ಒಣಗಿದ ಕಡೆ ಪದರ ಗಾಜಿನ ಥರ ಕಾಣಬೇಕು, ಮಬ್ಬು ಕಂಡರೆ ಕೈ ಹಾಕಬಾರದು. ಕಚ್ಚಿಕೊಂಡದ್ದನ್ನ ಉಗುರಲ್ಲಿ ಕೆರೆದವರ ಕಥೆ ಬೇಡ. ಅದರ ಮೇಲೇ ಹೊಸ ಗೋಂದು ಸುರೀರಿ, ಹಳೆಯದು ನೆನೆದು ಮೆತ್ತಗಾಗಿ ಹೊಸದರ ಜೊತೆ ಎದ್ದು ಬರುತ್ತೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಒಂದು ರಾತ್ರಿಗೆ ಒಣಗುತ್ತೆ, ಆದರೆ ಎಳೆಯೋವಾಗ ಹುಟ್ಟೋ ಸ್ಟ್ಯಾಟಿಕ್‌ಗೆ (ಸ್ಥಿರ ವಿದ್ಯುತ್ತು) ಮನೆಯ ಧೂಳೆಲ್ಲ ಹಾರಿ ಬಂದು ಕೂತ್ಕೊಳ್ಳುತ್ತೆ. ಇದಕ್ಕೆ ನಾನೊಂದು ದಾರಿ ಕಂಡುಕೊಂಡಿದ್ದೀನಿ. ಎಳೆಯೋ ಮುಂಚೆ ಕೋಣೆಯಲ್ಲಿ ಏನು ಮಾಡಬೇಕು, ಅಂಚಿನಲ್ಲಿ ಏನು ಸೇರಿಸಿ ಹಿಡಿತ ಮಾಡಿಕೊಳ್ಳಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರಲಿ. ಎರಡು ಬೇಸಿಗೆ ಅದಕ್ಕೇ ಹೋಗಿದೆ.

ಲೇಬಲ್ ಮೇಲೆ ಗೋಂದು ಬಿತ್ತೋ, ಕಾಗದ ಕಿತ್ತು ಬರುತ್ತೆ. ಡಿಜೆ ಕೈದಾಟಿದ ತಟ್ಟೆಗಳಲ್ಲಿ ಇನ್ನೊಂದು ತಾಪತ್ರಯ, ಬ್ರೇಕ್ (ಬರೀ ತಾಳ ನಡೆಯೋ ತುಣುಕು) ಎಲ್ಲಿ ಶುರು ಅಂತ ಗುರುತಿಗೆ ಲೇಬಲಿನಿಂದ ಗೆರೆಯವರೆಗೆ ಟೇಪ್ ಅಂಟಿಸಿರ್ತಾರೆ. ಅದನ್ನ ಮೊದಲು ಬಿಡಿಸಬೇಕು. ನಾನು ಕೆಲವನ್ನ ಬಿಡಿಸಲಿಲ್ಲ. ಯಾರೋ ಒಬ್ಬ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲೋ ಕ್ವೀನ್ಸಿನಲ್ಲೋ ಪಾರ್ಟಿ ಎಬ್ಬಿಸಿದ ಗುರುತು ಅದು, ಇರಲಿ ಬಿಡಿ.

ಗೋಂದಿಗೆ ಆಗದ ಕೆಲಸವೂ ಇದೆ. ಒಂದೇ ಜಾಗದಲ್ಲಿ ಮುಳ್ಳಿನ ಕೆಳಗೆ ತಟ್ಟೆಯನ್ನ ಹಿಂದೆ ಮುಂದೆ ಆಡಿಸಿದ ಕಡೆ, ಸಾಮಾನ್ಯವಾಗಿ ಹಾಡಿನ ಮೊದಲ ಒಂದೆರಡು ಸೆಕೆಂಡು, ಗೆರೆಯೇ ಸವೆದಿರುತ್ತೆ. 'ಸ್ಸ್' ಅಂತ ಕೇಳುತ್ತಲ್ಲ, ಅದು. ಅದಕ್ಕೆ ಮದ್ದಿಲ್ಲ. ಕೊಳ್ಳೋವಾಗಲೇ ತಟ್ಟೆಯನ್ನ ಓರೆಯಾಗಿ ಬೆಳಕಿಗೆ ಹಿಡಿದು ಹಾಡಿನ ಶುರುವಿನಲ್ಲಿ ಬೂದು ಪಟ್ಟಿ ಇದೆಯಾ ನೋಡಿ. ಇದ್ದರೆ ಬೆಲೆ ಅರ್ಧಕ್ಕೆ ಇಳಿಸಿ ಕೇಳಿ.

ಇನ್ನು ನನಗೆ ಬಹಳ ಸಮಯ ತಿಂದ ವಿಷಯ, ಸ್ಯಾಂಪಲ್, ಅಂದ್ರೆ ಬೇರೆ ರೆಕಾರ್ಡಿನಿಂದ ಎತ್ತಿಕೊಂಡ ಸದ್ದಿನ ತುಣುಕು. 1987-88ರ ಹೊತ್ತಿಗೆ ಡ್ರಮ್ ಮಷೀನಿನ ಜಾಗಕ್ಕೆ ಹಳೇ ಫಂಕ್ ರೆಕಾರ್ಡುಗಳ ತುಣುಕು ಬಂದವು. ಅಲ್ಟ್ರಾಮ್ಯಾಗ್ನೆಟಿಕ್ ಎಂಸೀಸ್‌ನ 'ಕ್ರಿಟಿಕಲ್ ಬೀಟ್‌ಡೌನ್' (1988) ಎರಡು ಸಲ ಗೋಂದು ಹಚ್ಚಿದರೂ ಕರಕರ ಹೋಗಲಿಲ್ಲ. ಮೂರನೇ ಸಲಕ್ಕೆ ಡಬ್ಬಿ ತೆಗೆಯೋ ಮುಂಚೆ ಕೂತು ಎಣಿಸಿದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡ್ ತಗೊಳ್ಳುತ್ತೆ. ಗೀರು ನನ್ನ ತಟ್ಟೆಯದಾಗಿದ್ದರೆ ಟಿಕ್ ಸದ್ದು ಆ ಲೆಕ್ಕದಲ್ಲೇ ಬರಬೇಕು. ಇದು ಬೀಟಿನ ಲೆಕ್ಕದಲ್ಲಿ, ಪ್ರತಿ ಸಲ ಅದೇ ಸ್ನೇರ್ ಡ್ರಮ್ಮಿನ ಪೆಟ್ಟಿನ ಪಕ್ಕದಲ್ಲೇ ಬರ್ತಿತ್ತು. ಅಂದ್ರೆ ಕೊಳೆ ನನ್ನದಲ್ಲ, ಆ ಗುಂಪಿನ ಸೆಡ್ ಜೀ ಎಸ್‌ಪಿ-1200 ಅನ್ನೋ ಸ್ಯಾಂಪಲ್ ಯಂತ್ರಕ್ಕೆ ಹಾಕಿದ ಮೂಲ ರೆಕಾರ್ಡಿನದು! ಆ ಯಂತ್ರದ ಒಟ್ಟು ನೆನಪು ಹತ್ತು ಸೆಕೆಂಡ್, ಅದೂ 12 ಬಿಟ್, ಅಂದ್ರೆ ಒರಟು ದನಿ. ಜಾಗ ಉಳಿಸೋಕೆ 33ರ ತಟ್ಟೆಯನ್ನ 45ರಲ್ಲಿ ಓಡಿಸಿ ತುಂಬಿ, ಒಳಗೆ ಮತ್ತೆ ನಿಧಾನ ಮಾಡ್ತಿದ್ದರು. ಆಗ ಬರೋ ಆ ಮರಳು ಮರಳಾದ ದನಿ ಇದೆಯಲ್ಲ, ಅದನ್ನ ತೊಳೆಯೋಕೆ ಹೋಗಬಾರದು. ಯಾರೋ ಪುಣ್ಯಾತ್ಮರು ಕಂಪ್ಯೂಟರಿನಲ್ಲಿ ಇಂಥ ಆಲ್ಬಂಗಳ ಸದ್ದನ್ನೆಲ್ಲ ಸಾಫ್ಟ್‌ವೇರ್ ಹಾಕಿ ಒರೆಸಿ ಹಂಚುತ್ತಾರೆ. ಕೇಳಿದರೆ ಉಪ್ಪಿಲ್ಲದ ಸಾರು.

ಬೂಗಿ ಡೌನ್ ಪ್ರೊಡಕ್ಷನ್ಸ್ ಅನ್ನೋ ಗುಂಪಿನ 'ಕ್ರಿಮಿನಲ್ ಮೈಂಡೆಡ್' (1987) ಬಗ್ಗೆ ಸ್ವಲ್ಪ ಹೇಳಲೇಬೇಕು. ಬ್ರಾಂಕ್ಸಿನ ಬಿ-ಬಾಯ್ ರೆಕಾರ್ಡ್ಸ್ ಅನ್ನೋ ಸಣ್ಣ ಕಂಪನಿಯ ಎಲ್‌ಪಿ. ಗುಂಪಿನಲ್ಲಿ ರ‍್ಯಾಪರ್ ಕೆಆರ್‌ಎಸ್-ಒನ್ ಮತ್ತು ಡಿಜೆ ಸ್ಕಾಟ್ ಲಾ ರಾಕ್. ಆಲ್ಬಂ ಬಂದ ಕೆಲವೇ ತಿಂಗಳಿಗೆ, ಅದೇ ಆಗಸ್ಟಿನಲ್ಲಿ ಸ್ಕಾಟ್ ಗುಂಡೇಟಿಗೆ ಸತ್ತ. ಮೂಲ ಅಚ್ಚು ಚೆನ್ನಾಗಿದ್ದರೆ ಕೇಳೋ ಬೆಲೆ ನನ್ನಂಥವರಿಗಲ್ಲ. ನನಗೆ ಸಿಕ್ಕಿದ್ದು ಚರ್ಚೊಂದರ ನೆಲಮಾಳಿಗೆ ಮಾರಾಟದಲ್ಲಿ, ಕವರಿಲ್ಲದೆ, ಯಾವುದೋ ಭಜನೆ ರೆಕಾರ್ಡುಗಳ ನಡುವೆ, ಹದಿನೈದು ಡಾಲರಿಗೆ. ಚರ್ಚು ಯಾವುದು ಅಂತ ಕೇಳಬೇಡಿ, ಇನ್ನೂ ಹೋಗ್ತಾ ಇರ್ತೀನಿ. ಮೇಲೆ ಜಿಡ್ಡು ಎಷ್ಟಿತ್ತು ಅಂದ್ರೆ ಮುಳ್ಳು ಹಾಕೋಕೂ ಮನಸ್ಸಾಗಲಿಲ್ಲ. ಎರಡು ಪದರ ಗೋಂದಿನ ಮೇಲೆ 'ದ ಬ್ರಿಡ್ಜ್ ಈಸ್ ಓವರ್' ಹಾಡಿನ ಪಿಯಾನೋ ಆಚೆ ಬಂತು. ಇದನ್ನೇ ಗೆಳೆಯರಿಗೆ ಕೇಳಿಸಿದ್ದು. ಆ ಹಾಡಿರೋ ಎರಡನೇ ಬದಿಗೆ ಹಚ್ಚಿ ಮೊದಲ ಬದಿ ಹಾಗೇ ಬಿಟ್ಟಿದ್ದೆ, ಹೋಲಿಸಿ ನೋಡಲಿ ಅಂತ. ತಟ್ಟೆ ತಿರುಗಿಸಿದ ಕೂಡಲೇ ಮಾತು ನಿಂತಿತು. ಆ ಇಪಿಗಳ ಗೆಳೆಯರು ಅವತ್ತೇ ವಿಚಾರಿಸೋಕೆ ಶುರು ಮಾಡಿದರು.

ಪಬ್ಲಿಕ್ ಎನಿಮಿಯ 1988ರ 'ಇಟ್ ಟೇಕ್ಸ್ ಎ ನೇಷನ್...' ಬೇರೆ ಥರದ ತಲೆನೋವು. ಒಟ್ಟು 58 ನಿಮಿಷದ ಹತ್ತಿರ, ಎರಡೇ ಬದಿ. ಒಂದು ಬದಿಯಲ್ಲಿ ಅರ್ಧ ಗಂಟೆ ತುಂಬಬೇಕಾದರೆ ಗೆರೆಗಳನ್ನ ಒತ್ತೊತ್ತಾಗಿ, ಸದ್ದು ತಗ್ಗಿಸಿ ಕೊರೆಯಬೇಕು. ನಾವು ವಾಲ್ಯೂಮ್ ಏರಿಸ್ತೀವಿ, ಜೊತೆಗೆ ಧೂಳಿನ ಸದ್ದೂ ಏರುತ್ತೆ. ಬಾಂಬ್ ಸ್ಕ್ವಾಡ್ (ಈ ಗುಂಪಿನ ನಿರ್ಮಾಪಕರ ತಂಡ) ಪದರದ ಮೇಲೆ ಪದರ ಹಾಕಿ ಕಟ್ಟಿದ ಗದ್ದಲದಲ್ಲಿ ಕೊಳೆ ಯಾವುದು, ಸೈರನ್ ಯಾವುದು ಅನ್ನೋದೇ ತಿಳಿಯಲ್ಲ. ಇಲ್ಲಿ ಗೋಂದಿನಿಂದ ಆದ ಲಾಭ ಕಮ್ಮಿ, ಒಪ್ಪಿಕೊಳ್ತೀನಿ. ಆಲ್ಬಂ ಮಾತ್ರ ಆ ವರ್ಷದ ದೊರೆ. ಎರಿಕ್ ಬಿ ಮತ್ತು ರಾಕಿಮ್ ಅವರ 'ಪೇಯ್ಡ್ ಇನ್ ಫುಲ್' (1987) ಇದಕ್ಕೆ ತದ್ವಿರುದ್ಧ, ರಾಕಿಮ್ ದನಿ ಏರಿಸೋದೇ ಇಲ್ಲ, ಉಸಿರು ತಗೊಳ್ಳೋ ಜಾಗ ಕೂಡ ಲೆಕ್ಕ ಹಾಕಿ ಇಟ್ಟಿದ್ದಾನೆ. ಅದು ಸ್ವಚ್ಛವಾದ ದಿನ ಮನೇಲಿ ಅಡುಗೆ ತಡವಾಯಿತು.

ಇನ್ನೂ ಹಿಂದಿನವು, ನಮ್ಮ ನ್ಯೂಜೆರ್ಸಿಯ ಇಂಗಲ್‌ವುಡ್‌ನಲ್ಲೇ ಇದ್ದ ಶುಗರ್ ಹಿಲ್ ಕಂಪನಿಯವು, ಆಲ್ಬಂ ಲೆಕ್ಕದಲ್ಲಿ ನನಗೆ ಅಷ್ಟಕ್ಕಷ್ಟೇ. ಬೈಕೋಬೇಡಿ. 1979ರ 'ರ‍್ಯಾಪರ್ಸ್ ಡಿಲೈಟ್' ಹದಿನಾಲ್ಕೂವರೆ ನಿಮಿಷ, 12 ಇಂಚಿನ ಸಿಂಗಲ್ಲಾಗೇ ಅದರ ಗತ್ತು. ಆಗಿನವರ ಪ್ರಾಣ ಇದ್ದಿದ್ದೇ ಸಿಂಗಲ್‌ಗಳಲ್ಲಿ, ಎಲ್‌ಪಿ ಅಂದ್ರೆ ಒಂದೆರಡು ಹಿಟ್ ಹಾಡಿನ ಸುತ್ತ ನಿಧಾನದ ಹಾಡು ತುಂಬಿಸೋದು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಬಳಗದ 'ದ ಮೆಸೇಜ್' (1982) ಎಲ್‌ಪಿಯಲ್ಲೂ ಹೆಸರಿನ ಹಾಡು ಒಂದು ತೂಕ, ಸ್ಟೀವಿ ವಂಡರ್ ಗುಂಗಿನ ಹಾಡು ಇನ್ನೊಂದು. ಆ ಕಾಲದ್ದು ಬೇಕಾದರೆ ಫ್ಲ್ಯಾಶ್ 1981ರಲ್ಲಿ ಟರ್ನ್‌ಟೇಬಲ್‌ಗಳ ಮೇಲೇ ಕಟ್ಟಿದ 'ವೀಲ್ಸ್ ಆಫ್ ಸ್ಟೀಲ್' 12 ಇಂಚು ಹುಡುಕಿ. ಅಗಲ ಗೆರೆ, ಜೋರು ಸದ್ದು, ಗೋಂದು ಒಂದೇ ಸಲಕ್ಕೆ ಸಲೀಸಾಗಿ ಬರುತ್ತೆ.

ನಡುವೆ ಊರಿನ ವಿದ್ಯೆಯನ್ನೂ ಪರೀಕ್ಷೆ ಮಾಡಿದೆ. ಅಂಟುವಾಳಕಾಯಿ ನೆನೆಸಿದ ನೀರು ಹಚ್ಚಿದೆ, ಬೆರಳಚ್ಚಿನ ಜಿಡ್ಡು ಚೆನ್ನಾಗಿ ಹೋಗುತ್ತೆ, ಆದರೆ ಸರಿಯಾಗಿ ಸೋಸದಿದ್ದರೆ ನಾರು ಗೆರೆಯಲ್ಲಿ ಉಳಿಯುತ್ತೆ. ಕಾಫಿ ಫಿಲ್ಟರ್ ಕಾಗದದಲ್ಲಿ ಎರಡು ಸಲ ಸೋಸಿ, ಕೊನೆಗೆ ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಈಗಲೂ ಗೋಂದಿನ ಮುಂಚೆ ಇದನ್ನ ಮಾಡ್ತೀನಿ. ಸೀರೆಗೆ ಹಾಕೋ ಗಂಜಿಯೂ ಆಯಿತು. ಒಣಗಿ ಹಪ್ಪಳದ ಥರ ಬಿರುಕು ಬಿಟ್ಟು ತಟ್ಟೆಗೇ ಅಂಟಿತು, ಬಿಸಾಕಿದ್ದು ಒಂದು 'ಲೈಸೆನ್ಸ್ಡ್ ಟು ಇಲ್'. ಮಗಳು ಸುಲಿದ ಗೋಂದಿನ ಪದರವನ್ನೇ ಟರ್ನ್‌ಟೇಬಲ್ ಮೇಲಿಟ್ಟು ಹಾಡಿಸೋಣ ಅಂದಳು, ಗೆರೆಗಳ ಅಚ್ಚು ಅದರಲ್ಲಿ ಮೂಡಿರುತ್ತಲ್ಲ. ಮುಳ್ಳಿನ ಬೆಲೆ ನೆನಪಾಗಿ ಬೇಡ ಅಂದೆ.

ಈ ವರ್ಷ ಬಾಕಿ ಇರೋದು ಹೂಡಿನಿ (Whodini) ಅನ್ನೋ ಗುಂಪಿನ 'ಎಸ್ಕೇಪ್' (1984). ಅದನ್ನೂ ರನ್-ಡಿಎಂಸಿಯ ಮೊದಲ ಆಲ್ಬಮನ್ನೂ ಒಂದೇ ವರ್ಷದಲ್ಲಿ ಕಟ್ಟಿದ್ದು ಒಬ್ಬನೇ ನಿರ್ಮಾಪಕ, ಲ್ಯಾರಿ ಸ್ಮಿತ್ (ಮೊದಲನೆಯದರಲ್ಲಿ ರಸೆಲ್ ಸಿಮನ್ಸ್ ಜೊತೆ ಸೇರಿ, ರನ್-ಡಿಎಂಸಿಯದು). ಅಲ್ಲಿ ಎಲ್ಲ ಖಾಲಿ, ಇಲ್ಲಿ ಕೀಬೋರ್ಡ್ ತುಂಬಿದ ನುಣುಪು. ಎರಡನ್ನೂ ಒಂದೇ ಸಂಜೆ ಸ್ವಚ್ಛವಾಗಿ ಕೇಳಬೇಕು ಅಂತ ಆಸೆ, ಒಳ್ಳೆ ಪ್ರತಿ ಸಿಕ್ಕಿಲ್ಲ. ನನ್ನ ಹತ್ರ ಗೋಂದು ಕಂಡ 'ರೇಸಿಂಗ್ ಹೆಲ್' ಮೂರ್ನಾಲ್ಕು ಹೆಚ್ಚಿಗೆ ಇವೆ. ಯಾರ ಹತ್ರವಾದರೂ 'ಎಸ್ಕೇಪ್' ಇದ್ದರೆ, ಎಷ್ಟೇ ಕೊಳೆಯಾಗಿರಲಿ, ಒಂದಕ್ಕೆ ಎರಡು ಕೊಡ್ತೀನಿ. ಹಾಡಿನ ಶುರುವಿನಲ್ಲಿ ಬೂದು ಪಟ್ಟಿ ಮಾತ್ರ ಇರಬಾರದು.